ಬಾಟ್ಲಿ ಅಕ್ಕನ ಮೂರು ಗೀಟು

ಬೆಳಗ್ಗೆ ಐದೂಮುಕ್ಕಾಲು. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಒಂದೊಂದೇ ಕಲ್ಲಿನ ಮೇಲೆ ಕಾಲೂರಿ ನೀರಿಗೆ ಇಳಿಯುತ್ತಾರೆ. ನಡುಹೊಳೆಗೆ ಹೋಗಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಏನೂ ಮಾಡುವುದಿಲ್ಲ. ಅವರ ಕಾಲಿನಿಂದ ಎದ್ದ ಕೆಸರು ಹಿಂದಕ್ಕೆ ಹರಿದುಹೋಗಬೇಕು, ಅದಕ್ಕೆ.

"ಗಲಾಟೆ ಮಾಡಬೇಡ, ಎಣಿಸ್ತಾ ಇದ್ದೀನಿ" ಎನ್ನುತ್ತಾರೆ. ದಂಡೆಯಲ್ಲಿ ನಿಂತ ನಾನು ಬಾಯಿಯನ್ನೇ ಬಿಟ್ಟಿರಲಿಲ್ಲ. ಅದು ಹೊಳೆಗೆ ಹೇಳಿದ ಮಾತು ಎಂದು ಆಮೇಲೆ ಗೊತ್ತಾಯಿತು.

ಉದ್ದ ಹಿಡಿಯ ಪ್ಲಾಸ್ಟಿಕ್ ಮಗ್ಗನ್ನು ನೀರಲ್ಲಿ ಅದ್ದಿ, ಗಲಬರಿಸಿ, ಬೆನ್ನ ಹಿಂದಕ್ಕೆ ಚೆಲ್ಲುತ್ತಾರೆ. ಒಂದು ಸಲ. ಎರಡು ಸಲ. ಮೂರು ಸಲ. ನಾಲ್ಕನೆಯ ಸಲ ತುಂಬಿದ ನೀರನ್ನು ಬಿಳಿ ಬಾಟಲಿಗೆ ನಿಧಾನವಾಗಿ ಸುರಿಯುತ್ತಾರೆ. ಕತ್ತಿನ ಗೆರೆಯವರೆಗೆ ಬಂತೋ, ನಿಲ್ಲಿಸಿದರು. ಒಂದು ತೊಟ್ಟೂ ಹೊರಗೆ ಹರಿಯಬಾರದು. ದಂಡೆಗೆ ಬಂದು, ಕೈ ಒರೆಸಿಕೊಂಡು, ಎದೆಯ ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಬರೆಯುತ್ತಾರೆ: 'ಮಗ್ಗು' ಎಂಬುದರ ಕೆಳಗೆ ಮೂರು ಗೀಟು, 'ಬಾಟಲಿ' ಎಂಬುದರ ಕೆಳಗೆ ಒಂದು ಸೊನ್ನೆ.

ಆ ಗೀಟು ಮತ್ತು ಆ ಸೊನ್ನೆಯ ಹಿಂದೆ ಈ ವರ್ಷ ಒಂದು ಊರಿಗೆ ಊರೇ ಜಗಳವಾಡಿದೆ.

ಊರಿನಲ್ಲಿ ಎಲ್ಲರೂ ಇವರನ್ನು ಬಾಟ್ಲಿ ಅಕ್ಕ ಎನ್ನುತ್ತಾರೆ. ಹೊಸಬರು ಕೇಳಿದರೆ ಬೇರೆ ಏನೋ ಅಂದುಕೊಂಡು ಮುಖ ಮುಖ ನೋಡಿಕೊಳ್ಳುತ್ತಾರೆ. "ಒಬ್ಬರು ಮನೆಗೇ ಬಂದು, ತಣ್ಣಗಿರೋದು ಇದೆಯಾ ಅಂತ ಕೇಳಿದ್ರು. ಇದೆ, ಹೊಳೆ ನೀರು, ಬೇಕಾ ಅಂದೆ" ಎಂದು ನಗುತ್ತಾರೆ. ವಯಸ್ಸು ಐವತ್ತನಾಲ್ಕು. ಹೊಳೆಗೆ ಇಳಿಯಲು ತೊಡಗಿ ಹತ್ತೊಂಬತ್ತು ವರ್ಷ. ದಿನಾ ಬೆಳಗ್ಗೆ ಸೇತುವೆಯ ಕೆಳಗಿನ ಅಳತೆ ಕಂಬ ನೋಡಿ ನೀರಿನ ಮಟ್ಟ ಬರೆಯುವುದು ಒಂದು ಕೆಲಸ. ಮಂಗಳವಾರ ಕಾಡಿನ ಅಂಚಿನಲ್ಲೇ ನಾಲ್ಕು ಕಿಲೋಮೀಟರ್ ನಡೆದು, ಐದು ಕಡೆ ನೀರು ತುಂಬುವುದು ಇನ್ನೊಂದು. ಒಂದೊಂದು ಕಡೆ ಎರಡು ಬಾಟಲಿ, ಒಂದು ಪರೀಕ್ಷೆಗೆ, ಇನ್ನೊಂದು ಪ್ರಯೋಗಾಲಯದ ಕಪಾಟಿನಲ್ಲಿ ಕಾದಿಡಲು. ಅಂದರೆ ವಾರಕ್ಕೆ ಹತ್ತು. ಹತ್ತೂವರೆಗೆ ಪ್ರಯೋಗಾಲಯದ ಜೀಪು ಬರುತ್ತದೆ, ಬಾಟಲಿ ಹೋಗುತ್ತದೆ. ಪುಸ್ತಕ ಇವರ ಬಳಿಯೇ ಉಳಿಯುತ್ತದೆ. ಈಗ ನಡೆಯುತ್ತಿರುವುದು ಅರವತ್ತೊಂದನೆಯ ಪುಸ್ತಕ.

ಹೊಳೆ ಹುಟ್ಟುವುದು ರಕ್ಷಿತ ಕಾಡಿನ ಒಳಗೆ. ಅಲ್ಲಿ ಕೊಡಲಿ ಇಲ್ಲ, ರಸ್ತೆ ಇಲ್ಲ, ಮೋಟಾರು ದೋಣಿಯೂ ಇಲ್ಲ. ಕಾಡಿನ ಗಡಿಗೆ ಹೊಂದಿಕೊಂಡೇ ಹೊರಗೊಂದು ಗುಡ್ಡ. ಆ ಗುಡ್ಡದ ಹೊಟ್ಟೆಯಲ್ಲಿ ತಾಮ್ರ ಇದೆ ಎಂಬುದು ಅಜ್ಜಂದಿರ ಕಾಲದಿಂದಲೂ ಗೊತ್ತು. ಅದನ್ನು ತೆಗೆಯುತ್ತೇವೆ ಎಂದು ಕಂಪನಿಯೊಂದು ಅರ್ಜಿ ಹಾಕಿದ ದಿನದಿಂದ ಊರು ಎತ್ತು ಏರಿಗೆ, ಕೋಣ ನೀರಿಗೆ. ಮರದ ಕಾರ್ಖಾನೆ ಮುಚ್ಚಿ ಆರು ವರ್ಷವಾಗಿದೆ. ಪೇಟೆಯಲ್ಲಿ ಮೂರು ಅಂಗಡಿಗೆ ಒಂದರ ಬಾಗಿಲು ತೆರೆದಿದೆ. ಗಣಿ ಬಂದರೆ ಕೆಲಸ ಎನ್ನುವವರು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡರು. ಗಣಿ ಬಂದರೆ ಹೊಳೆ ಕೆಟ್ಟಿತು ಎನ್ನುವವರು ಹಸಿರು ಪಟ್ಟಿ ಕಟ್ಟಿಕೊಂಡರು. ಒಂದೇ ಬೇಕರಿಯ ಮುಂದೆ ಎರಡು ಸಾಲು ನಿಂತ ದಿನಗಳೂ ಇದ್ದವಂತೆ.

ಬಾಟ್ಲಿ ಅಕ್ಕ ಯಾವ ಪಟ್ಟಿಯನ್ನೂ ಕಟ್ಟಲಿಲ್ಲ. "ಕಟ್ಟಿದ್ರೆ ನೀರಲ್ಲಿ ಬಣ್ಣ ಬಿಡುತ್ತೆ" ಎನ್ನುತ್ತಾರೆ. ತಮಾಷೆಯೋ ನಿಜವೋ ತಿಳಿಯುವುದಿಲ್ಲ. ಮಂಗಳವಾರ ಬೆರಳಿನ ಉಂಗುರವನ್ನೂ ತೆಗೆದು ಅಡುಗೆಮನೆಯ ಲೋಟದಲ್ಲಿ ಹಾಕಿ ಹೋಗುವವರು ಅವರು. ಚಿನ್ನದಲ್ಲಿಯೂ ಒಂದಿಷ್ಟು ತಾಮ್ರ ಬೆರೆತಿರುತ್ತದೆ, ಅದು ಬಾಟಲಿಗೆ ತಗಲಬಾರದು ಎಂದು.

ನೀರಿನ ಇಲಾಖೆಯ ಈ ಕೆಲಸ ಮೊದಲು ಅವರ ಗಂಡನದು. ಜಾರುವ ಕಲ್ಲಿನ ಮೇಲೆ ಬಿದ್ದು ಅವರ ಸೊಂಟ ಮುರಿದಾಗ, ಎರಡು ವಾರಕ್ಕೆಂದು ಹೆಂಡತಿ ಬೂಟು ಹಾಕಿಕೊಂಡರು. ಮಗಳಿಗೆ ಆಗ ಏಳು ವರ್ಷ. "ಆ ಎರಡು ವಾರ ಇನ್ನೂ ಮುಗಿದಿಲ್ಲ" ಎಂದು ಯಜಮಾನರು ಕಿಟಕಿಯ ಪಕ್ಕದ ಕುರ್ಚಿಯಿಂದಲೇ ಹೇಳುತ್ತಾರೆ. ಅವರಿಗೆ ನಡೆಯಲು ಕೋಲು ಬೇಕು, ಮಾತಿಗೆ ಏನೂ ಬೇಡ. "ನಾನು ಕಲಿಸಿದ್ದು ಒಂದೇ ಪಾಠ ಕಣಮ್ಮ. ಮೂರು ಸಲ ಗಲಬರಿಸು, ನಾಲ್ಕನೇ ಸಲ ತುಂಬು. ಗಲಬರಿಸಿದ್ದಕ್ಕೆಲ್ಲ ಒಂದೊಂದು ಗೀಟು ಹಾಕು. ಇವಳು ಅದನ್ನ ಎಷ್ಟು ಹಚ್ಚಿಕೊಂಡಳು ಅಂದ್ರೆ, ಮನೇಲಿ ಚಹಾದ ಲೋಟಾನೂ ಮೂರೇ ಸಲ ತೊಳಿಯೋದು."

ಆ ಒಂದು ಪಾಠವೇ ಹೋದ ವರ್ಷ ಕೈಕೊಟ್ಟಿತು.

ಅಲ್ಲಿಯವರೆಗೆ ಬಾಟಲಿಗಳು ಬರಿದಾಗಿ ಬರುತ್ತಿದ್ದವು. ನೀರು ಪ್ರಯೋಗಾಲಯ ಸೇರಿದ ಮೇಲೆ ಅಲ್ಲಿನವರು ಅದಕ್ಕೆ ಕೆಲವು ಹನಿ ಆಮ್ಲ ಹಾಕುತ್ತಿದ್ದರು. ಆ ಹನಿ ಇಲ್ಲದಿದ್ದರೆ ನೀರಿನಲ್ಲಿರುವ ತಾಮ್ರ ಬಾಟಲಿಯ ಗೋಡೆಗೆ ಅಂಟಿಕೊಂಡುಬಿಡುತ್ತದೆ, ಅಳತೆಗೆ ಸಿಗುವುದಿಲ್ಲ. ಹೋದ ವರ್ಷ ಹೊಸ ಬಾಟಲಿಗಳು ಬಂದವು. ಅವುಗಳ ತಳದಲ್ಲಿ ಆಮ್ಲದ ಹನಿ ಮೊದಲೇ ಇತ್ತು. ಇನ್ನು ಮೇಲೆ ಪ್ರಯೋಗಾಲಯದಲ್ಲಿ ಹಾಕುವ ಕೆಲಸವಿಲ್ಲ.

"ಮುಚ್ಚಳ ತೆಗೆದು ನೋಡ್ತೀನಿ, ತಳದಲ್ಲಿ ನಾಲ್ಕು ಹನಿ. ಅಯ್ಯೋ, ತೊಳೆದು ಒಣಗಿಸದೇ ಕಳಿಸಿದ್ದಾರಲ್ಲ, ಎಂಥ ಸೋಮಾರಿಗಳು ಅಂತ ಬೈಕೊಂಡೆ. ಬೈಕೊಂಡು ಚೆನ್ನಾಗಿ ಮೂರು ಸಲ ಗಲಬರಿಸಿ ಚೆಲ್ಲಿದೆ."

ಬಾಟಲಿಯೊಳಗೆ ಹನಿ ಇದೆ, ತೊಳೆಯಬಾರದು ಎಂದು ಬರೆದ ಚೀಟಿ ಪೆಟ್ಟಿಗೆಯಲ್ಲೇ ಇತ್ತು. ಆದರೆ ಅದು ಇದ್ದದ್ದು ತಳದಲ್ಲಿ, ನೂರಿಪ್ಪತ್ತು ಬಾಟಲಿಗಳ ಕೆಳಗೆ. ವಾರಕ್ಕೆ ಹತ್ತರಂತೆ ಹನ್ನೆರಡು ವಾರ. ಹನ್ನೆರಡನೆಯ ಮಂಗಳವಾರ ಉಳಿದ ಹತ್ತನ್ನು ಪೆಟ್ಟಿಗೆಯಲ್ಲೇ ಒಯ್ದು, ಕೊನೆಯ ಬಾಟಲಿಯನ್ನೂ ತೊಳೆದು ತುಂಬಿದ ಮೇಲೆ ಚೀಟಿ ಕೈಗೆ ಬಂತು.

"ಓದಿದೆ. ಇನ್ನೊಂದು ಸಲ ಓದಿದೆ. ಹೊಳೆ ದಂಡೆ ಮೇಲೆ ಹಾಗೇ ಕೂತುಬಿಟ್ಟೆ. ಕಾಲು ನೀರಲ್ಲೇ ಇತ್ತು, ಚಳಿ ಆಗ್ತಿದೆ ಅಂತಾನೂ ಗೊತ್ತಾಗ್ಲಿಲ್ಲ."

ಮುಂದಿನ ವಾರದಿಂದ ಮಗ್ಗು ಬಂತು, ಬಾಟಲಿಯ ಕೆಳಗೆ ಸೊನ್ನೆ ಬಂತು. ಪುಸ್ತಕದಲ್ಲಿ ಅದು ಹಾಗೆಯೇ ಇದೆ. ಹೇಳಲು ಬಾಯಿ ಮಾತ್ರ ಬರಲಿಲ್ಲ. "ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಜೀಪು ಬಂದಾಗೆಲ್ಲ ನಾಲಿಗೆ ತುದೀಗೆ ಬರೋದು. ಇವರ ಔಷಧ, ಮನೆ, ಎಲ್ಲ ಕಣ್ಮುಂದೆ ಬರೋದು. ನುಂಗಿಬಿಡ್ತಿದ್ದೆ." ಗಂಡನಿಗೂ ಹೇಳಲಿಲ್ಲ. ಅದು ಒಂದು ವರ್ಷ ಗಂಟಲಲ್ಲೇ ಇತ್ತು.

ತಾನಾಗಿ ಮರೆತುಹೋಗುವ ಮಾತಾಗಿದ್ದರೆ ಹಾಗೆಯೇ ಇರುತ್ತಿತ್ತೇನೋ. ಆದರೆ ಅವರು ತೊಳೆಯುವುದನ್ನು ಬಿಟ್ಟ ಅದೇ ವಾರ ಗುಡ್ಡದ ಮೇಲೆ ಕಂಪನಿಯ ಕೊರೆಯುವ ಯಂತ್ರ ಗುಡುಗತೊಡಗಿತ್ತು. ಈ ವರ್ಷ ಶಾಲೆಯ ಸಭಾಂಗಣದಲ್ಲಿ ಗಣಿಯ ಅಹವಾಲು ಸಭೆ ನಡೆದಾಗ, ಹಸಿರು ಪಟ್ಟಿಯ ಮುಂದಾಳು, ನಿವೃತ್ತ ಮೇಷ್ಟ್ರು, ಗೋಡೆಯ ಮೇಲೆ ಒಂದು ಗೆರೆಚಿತ್ರ ತೋರಿಸಿದರು. ಹನ್ನೆರಡು ವಾರ ತಾಮ್ರದ ಗೆರೆ ನೆಲಕ್ಕೆ ಅಂಟಿಕೊಂಡಿದೆ. ಯಂತ್ರ ಬಂದ ವಾರ ಗೆರೆ ಥಟ್ಟನೆ ಮೂರು ಪಟ್ಟು ಮೇಲೆ. "ಬರೀ ತೂತು ಕೊರೆದಿದ್ದಕ್ಕೇ ಹೀಗಾದರೆ, ಗಣಿ ತೋಡಿದರೆ ಏನಾದೀತು?" ಎಂದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು.

ಕಂಪನಿಯ ವಕೀಲರು ಎದ್ದರು. ಹಿಂದಿನ ಹದಿನೆಂಟು ವರ್ಷವೂ ಗೆರೆ ಈಗಿನಷ್ಟೇ ಎತ್ತರದಲ್ಲಿತ್ತಲ್ಲ, ನಡುವೆ ಹನ್ನೆರಡು ವಾರ ಬಿದ್ದದ್ದು ಯಾಕೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಈ ದಾಖಲೆಯನ್ನು ನಂಬುವುದು ಹೇಗೆ, ಪೂರ್ತಿ ಬದಿಗಿಡಿ, ನಮ್ಮ ಕಂಪನಿಯೇ ಎರಡು ತಿಂಗಳಿಂದ ಅಳೆದ ಲೆಕ್ಕ ಇದೆ, ಅದನ್ನೇ ಇಟ್ಟುಕೊಳ್ಳಿ ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೊನೆಯ ಸಾಲಿನಲ್ಲಿ ಕುಳಿತಿದ್ದ ಬಾಟ್ಲಿ ಅಕ್ಕ ಎದೆಯ ಜೇಬು ಮುಟ್ಟಿಕೊಂಡರು. ಪುಸ್ತಕ ಅಲ್ಲೇ ಇತ್ತು.

ಹತ್ತೊಂಬತ್ತು ವರ್ಷದ ಲೆಕ್ಕ ಹೋದರೆ ಹೋಗುವುದೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಗಣಿ ಬರಲಿ, ಬಿಡಲಿ, ಅದು ದೊಡ್ಡವರಿಗೆ ಬಿಟ್ಟಿದ್ದು. ಆದ್ರೆ ನಾಳೆ ನೀರು ಕೆಟ್ಟರೆ, ಮೊದಲು ಹೇಗಿತ್ತು ಅಂತ ತೋರಿಸಬೇಕಲ್ಲ? ನನ್ನ ಪುಸ್ತಕ ಬಿಟ್ಟರೆ ಹೊಳೆಗೆ ಬೇರೆ ಸಾಕ್ಷಿ ಯಾರಿದ್ದಾರೆ?"

ಮನೆಯಲ್ಲಿ ಬೇರೆಯೇ ಬಿಸಿ. ಅಳಿಯ ಆ ಕೊರೆಯುವ ಯಂತ್ರದ ಚಾಲಕ. ಪಕ್ಕದ ಬೀದಿಯಲ್ಲೇ ಮನೆ. ಗೆರೆಚಿತ್ರ ಊರೆಲ್ಲ ಹರಿದಾಡಿದ ಮೇಲೆ ಜನ ಅವನನ್ನು ಬೇಕರಿಯಲ್ಲಿ, ಬಸ್ಸಿನಲ್ಲಿ ತಡೆದು ಕೇಳತೊಡಗಿದರು. ಒಂದು ದಿನ ಅತ್ತೆಯ ಅಡುಗೆಮನೆಗೆ ಬಂದು, "ನಿಮ್ಮ ಬಾಟ್ಲಿ ನನ್ನ ಮರ್ಯಾದೆ ತೆಗೀತು, ಅತ್ತೆ. ನಾನು ಹೊಳೆಗೆ ವಿಷ ಹಾಕಿದವನಾ?" ಎಂದ. ಬಾಟ್ಲಿ ಅಕ್ಕ ಲೋಟ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಆಮೇಲೆ ಮೂರು ವಾರ ಅಳಿಯ ಆ ಹೊಸಿಲು ತುಳಿಯಲಿಲ್ಲ. ಮಗಳು ಮಾತ್ರ ಬಂದು, ಏನೂ ಆಗದವಳಂತೆ ಕೂತು ಹೋಗುತ್ತಿದ್ದಳು.

"ಅವನು ಹಾಗೆ ಕೇಳಿದ ಮೇಲೆ ನನ್ನ ಕೈಲಿ ಆಗ್ಲಿಲ್ಲ" ಎನ್ನುತ್ತಾರೆ. "ನನ್ನ ತಪ್ಪನ್ನ ಅವನ ತಲೆ ಮೇಲೆ ಹೊರಿಸಿ, ನಾನು ಕೊನೇ ಸಾಲಲ್ಲಿ ಕೂತಿದ್ದೀನಲ್ಲ." ಆ ಸಂಜೆ ಗಂಡನಿಗೆ ಹೇಳಿದರು. ಗಂಡ, "ಕಲಿಸಿದವನು ನಾನು. ತಪ್ಪಲ್ಲಿ ಅರ್ಧ ನನಗೂ ಬರೀರಿ ಅನ್ನು" ಎಂದರಂತೆ.

ಎರಡನೆಯ ಸುತ್ತಿನ ಸಭೆಯ ದಿನ ಬಾಟ್ಲಿ ಅಕ್ಕ ಹೆಸರು ಕೊಟ್ಟು ಮಾತಾಡುವವರ ಸಾಲಿನಲ್ಲಿ ನಿಂತರು. ಮುಂದೆ ಮೂವತ್ತು ಜನ. ನಾನು ಅವರನ್ನು ಮೊದಲು ನೋಡಿದ್ದು ಅಲ್ಲಿಯೇ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹೋದ ವರ್ಷದ ಪುಸ್ತಕ. ಕಾಲಲ್ಲಿ ಬೂಟು ಹಾಗೇ ಇತ್ತು, ಹೊಳೆಯಿಂದ ನೇರ ಬಂದಿದ್ದರು. ಮೈಕಿನ ಮುಂದೆ ನಿಂತು ಮೊದಲು ಕೆಮ್ಮಿದರು. ಮೈಕು ಕಿರುಚಿತು.

"ಆ ಹನ್ನೆರಡು ವಾರದ ತಪ್ಪು ನನ್ನದು, ಸಾರ್. ತೊಳೀಬಾರದ ಬಾಟ್ಲಿ ತೊಳೆದುಬಿಟ್ಟೆ. ಯಂತ್ರದಿಂದ ತಾಮ್ರ ಜಾಸ್ತಿ ಆಗಿಲ್ಲ. ಮುಂಚೆ ನಾನೇ ಕಮ್ಮಿ ಮಾಡಿದ್ದೆ."

ಸಭಾಂಗಣದ ಎರಡೂ ಕಡೆಯಿಂದ ಗದ್ದಲ. ಮೇಷ್ಟ್ರು ಎದ್ದುನಿಂತು, "ನಮ್ಮ ಕೈಯಲ್ಲಿದ್ದ ಒಂದೇ ಕೋಲನ್ನೂ ಮುರಿದುಬಿಟ್ಟಿರಲ್ಲ, ಅಕ್ಕ!" ಎಂದರು. ಯಾಕೆ ಆಗಲೇ ಹೇಳಲಿಲ್ಲ ಎಂದು ಸಭೆಯ ಅಧ್ಯಕ್ಷರು ಕೇಳಿದರು.

"ಹೆದರಿಕೆ, ಸಾರ್. ಕೆಲಸ ಹೋಗುತ್ತೆ ಅಂತ. ಈಗಲೂ ಇದೆ ಹೆದರಿಕೆ."

ವಕೀಲರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. "ಒಂದು ತಪ್ಪು ಒಪ್ಪಿಕೊಂಡಿದ್ದೀರಿ. ಹತ್ತೊಂಬತ್ತು ವರ್ಷದಲ್ಲಿ ಇಂಥವು ಇನ್ನೆಷ್ಟಿವೆಯೋ, ಯಾರಿಗೆ ಗೊತ್ತು?"

"ಪುಸ್ತಕಕ್ಕೆ ಗೊತ್ತು, ಸಾರ್" ಎಂದರು ಬಾಟ್ಲಿ ಅಕ್ಕ. ವ್ಯಂಗ್ಯವಿಲ್ಲದೆ, ಅಂಗಡಿಯವರು ಸಾಮಾನು ಎಲ್ಲಿದೆ ಎಂದು ತೋರಿಸುವ ಹಾಗೆ. "ಒಂದು ಸಲ ಕಾಲು ಜಾರಿ ಬಿದ್ದೆ, ಅದು ಬರೆದಿದೆ. ಒಂದು ಸಲ ಮೇಲುಗಡೆ ಯಾರದೋ ದನ ನೀರಿಗೆ ಇಳಿದಿತ್ತು, ಅದೂ ಇದೆ. ಮುಚ್ಚಳ ಕೆಸರಿಗೆ ಬಿದ್ದು ಬೇರೆ ಹಾಕಿದ್ದು ಇದೆ. ಬಾಟ್ಲಿ ಪಕ್ಕದಲ್ಲಿ ಸೀನಿದ್ದೂ ಇದೆ."

ಕಿತ್ತಳೆ, ಹಸಿರು ಎಂಬ ಭೇದವಿಲ್ಲದೆ ಸಭೆಯೇ ನಕ್ಕಿತು. ವಕೀಲರೂ ನಗು ತಡೆಯಲು ಕಾಗದ ನೋಡಿದರು.

ಆಗ ಎದ್ದವರು ಪ್ರಯೋಗಾಲಯದ ಮೇಡಂ. ಪುಸ್ತಕವನ್ನು ತೆಗೆದುಕೊಂಡು ಹಾಳೆ ತಿರುಗಿಸುತ್ತಾ ಹೋದರು. ಆ ಹನ್ನೆರಡು ವಾರವೂ ಬಾಟಲಿಗೊಂದೊಂದು ಸಾಲು, ಸಾಲಿಗೆ ಮೂರು ಗೀಟು. ಹದಿಮೂರನೆಯ ವಾರದಿಂದ ಸೊನ್ನೆ. ಹೊಸ ಪೆಟ್ಟಿಗೆ ಒಡೆದ ದಿನವನ್ನೂ ಬರೆದಿಟ್ಟಿದ್ದರು. ಎಲ್ಲಿ ಶುರು, ಎಲ್ಲಿ ಕೊನೆ, ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಅವರು ಅಧ್ಯಕ್ಷರ ಕಡೆ ತಿರುಗಿ, "ಆ ವಾರಗಳ ನೀರು ಚೆಲ್ಲಿಹೋಗಿದ್ದರೆ ಕಥೆ ಮುಗಿಯುತ್ತಿತ್ತು. ಹೋಗಿಲ್ಲ. ಕಪಾಟಿನ ಬಾಟಲಿಗಳು ಇನ್ನೂ ನಮ್ಮ ಬಳಿ ಇವೆ. ಹತ್ತು ದಿನ ಕೊಡಿ" ಎಂದರು.

ಕಪಾಟಿನಲ್ಲಿ ಇದ್ದದ್ದು ಅರವತ್ತು ಬಾಟಲಿ. ಒಂದೊಂದಕ್ಕೂ ಚೆಲ್ಲಿಹೋಗಿದ್ದ ಆಮ್ಲದ ಹನಿಯನ್ನು ಈಗ ಹಾಕಿ, ಮುಚ್ಚಿ, ದಿನಗಟ್ಟಲೆ ಬಿಟ್ಟರು. ಗೋಡೆಗೆ ಅಂಟಿದ್ದ ತಾಮ್ರ ಬಿಟ್ಟುಕೊಂಡು ಮತ್ತೆ ನೀರಿಗೆ ಇಳಿಯಿತು. ಅಳೆದರು. ಗೆರೆಯ ಗುಂಡಿ ತುಂಬಿ, ಹನ್ನೆರಡು ವಾರ ಹಿಂದಿನ ಹದಿನೆಂಟು ವರ್ಷದ ಪಕ್ಕದಲ್ಲಿ ಬಂದು ಸಮನಾಗಿ ಕುಳಿತವು.

"ಆ ಹತ್ತು ದಿನ ನಾನು ಏನು ತಿಂದೆ, ಏನು ಮಾಡಿದೆ, ಒಂದೂ ನೆನಪಿಲ್ಲ" ಎನ್ನುತ್ತಾರೆ ಬಾಟ್ಲಿ ಅಕ್ಕ. ನೆನಪಿರುವುದು ಹನ್ನೊಂದನೆಯ ದಿನ, ಮಂಗಳವಾರ. ಹತ್ತೂವರೆಯ ಜೀಪಿನಲ್ಲಿ ಚಾಲಕನ ಪಕ್ಕ ಮೇಡಂ ಕುಳಿತಿದ್ದರು. ಇಳಿಯುವ ಮೊದಲೇ ಕಿಟಕಿಯಿಂದ ಕೈ ಹೊರಗೆ ಹಾಕಿ, ಹೆಬ್ಬೆರಳು ಎತ್ತಿ ತೋರಿಸಿದರಂತೆ. "ನಾನು ಅಲ್ಲೇ, ರಸ್ತೇಲೇ ಕೂತ್ಕೊಂಡು ಅತ್ತುಬಿಟ್ಟೆ. ಎದೆ ಮೇಲಿನ ಕಲ್ಲು ಇಳಿದಾಗ ಅಷ್ಟು ಹಗುರ ಆಗುತ್ತೆ ಅಂತ ಗೊತ್ತಿರಲಿಲ್ಲ. ಜೀಪಿನವನು ಗಾಬರಿಯಾಗಿ ನೀರು ತಂದುಕೊಟ್ಟ. ನನ್ನದೇ ಬಾಟ್ಲಿ ನೀರು, ಆಮ್ಲದ ಹನಿ ಇರೋದು, ಪುಣ್ಯಾತ್ಮ! ನಾನು ಕುಡೀಲಿಲ್ಲ."

ಗಣಿಯ ಬಗ್ಗೆ ತೀರ್ಪು ಇನ್ನೂ ಬಂದಿಲ್ಲ. ಬರಲು ತಿಂಗಳುಗಳೇ ಬೇಕು. ಆದರೆ ಒಂದು ಮಾತು ಇತ್ಯರ್ಥವಾಗಿದೆ. ಕಂಪನಿಯ ಎರಡು ತಿಂಗಳ ಲೆಕ್ಕ ಸಾಲದು, ಈ ಹೊಳೆಗೆ ಅಳತೆ ಎಂದರೆ ಈ ಹತ್ತೊಂಬತ್ತು ವರ್ಷದ ದಾಖಲೆಯೇ. ಯಾರು ಏನು ಮಾಡಿದರೂ ನೀರನ್ನು ಅದಕ್ಕೆ ಹೋಲಿಸಿ ನೋಡಬೇಕು. ಸಭೆಯ ಅಧ್ಯಕ್ಷರು ಹೀಗೆ ಬರೆದುಕೊಟ್ಟಿದ್ದಾರೆ, ಎರಡೂ ಕಡೆಯವರು ಸಹಿ ಹಾಕಿದ್ದಾರೆ. ಮೇಷ್ಟ್ರು ಮನೆಗೆ ಬಂದು ಚಹಾ ಕುಡಿದು, "ಕೋಲು ಹೋಯಿತು, ಅಳತೆಗೋಲು ಉಳಿಯಿತು. ನನಗೆ ಇದೇ ಹೆಚ್ಚು" ಎಂದು ಹೋದರು. ಇಲಾಖೆಯಿಂದ ಬಾಟ್ಲಿ ಅಕ್ಕನಿಗೂ ಒಂದು ಕಾಗದ ಬಂತು. ತಡವಾಗಿ ಹೇಳಿದ್ದಕ್ಕೆ ಎಚ್ಚರಿಕೆ, ಹೇಳಿದ್ದಕ್ಕೆ ಮೆಚ್ಚುಗೆ, ಎರಡೂ ಒಂದೇ ಹಾಳೆಯಲ್ಲಿ. ಕೆಲಸ ಮುಂದುವರಿದಿದೆ.

ಅಳಿಯ ಮತ್ತೆ ಬರುತ್ತಾನೆ. ನಾನು ಹೋದ ದಿನವೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. "ಮೊದಲೇ ಹೇಳಬಾರದಿತ್ತಾ, ಅತ್ತೆ? ಸುಮ್ಮನೆ ಊರವರ ಹತ್ತಿರ ಬೈಸಿಕೊಂಡೆ."

"ಬೈಸಿಕೊಳ್ಳೋದು ನಿನಗೇನು ಹೊಸದಾ?" ಎಂದರು ಮಾವ ಕುರ್ಚಿಯಿಂದ.

"ಗಣಿ ಬಂದರೆ ಮೊದಲ ಬಾಟ್ಲಿ ನಾನೇ ಹೊತ್ತು ತರ್ತೀನಿ" ಎಂದ ಅಳಿಯ.

"ಉಂಗುರ ತೆಗೆದಿಟ್ಟು ಬಾ" ಎಂದರು ಅತ್ತೆ. ಗಣಿ ಬೇಕೆಂದು ಅಳಿಯ, ಬೇಡವೆಂದು ಮಗಳು, ಇಬ್ಬರ ನಡುವೆ ವಾದ ಈಗಲೂ ಇದೆ. ಆದರೆ ಒಂದೇ ಮೇಜಿನಲ್ಲಿ ಕುಳಿತು ನಡೆಯುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಇಳಿಯೋ ಜಾಗದಲ್ಲಿ ಹಿಡಿಕೊಳ್ಳೋಕೆ ಒಂದು ಕಂಬಿ ಹಾಕಿಸಿಕೊಟ್ಟರೆ ಸಾಕು. ಇವರು ಬಿದ್ದಿದ್ದು ಅಲ್ಲೇ. ಮರದ್ದಾದರೂ ಆದೀತು. ತಾಮ್ರದ್ದು ಮಾತ್ರ ಬೇಡ."

ಮಂಜು ಎದ್ದಿದೆ. ಐದನೆಯ ಜಾಗದ ಕೊನೆಯ ಬಾಟಲಿ ಉಳಿದಿದೆ. ಅದನ್ನು ಚೀಲದಿಂದ ತೆಗೆದವರು ಮಗ್ಗಿಗೆ ಕೈ ಹಾಕುವ ಮೊದಲು ನನ್ನ ಕಡೆ ತಿರುಗಿಸಿ ಹಿಡಿಯುತ್ತಾರೆ. ಬಾಟಲಿಯ ಹೊಟ್ಟೆಯ ಮೇಲೆ, ಹೆಬ್ಬೆರಳಷ್ಟು ದೊಡ್ಡ ಕೆಂಪು ಅಕ್ಷರದಲ್ಲಿ ಅಚ್ಚಾಗಿದೆ: ತೊಳೆಯಬೇಡಿ, ಒಳಗೆ ಹನಿ ಇದೆ.

"ಈ ಪೆಟ್ಟಿಗೆಯಿಂದ ಶುರುವಾಗಿದೆ. ಎಲ್ಲೆಲ್ಲಿ ಹೊಳೆ ಇದೆಯೋ, ಎಲ್ಲೆಲ್ಲಿ ನನ್ನಂಥೋರು ಇದ್ದಾರೋ, ಅಲ್ಲಿಗೆಲ್ಲ ಹೋಗುತ್ತಂತೆ" ಎನ್ನುತ್ತಾರೆ. ಅಕ್ಷರಗಳ ಮೇಲಿನ ನೀರಿನ ಹನಿಯನ್ನು ಬೆರಳಿನಿಂದ ಒರೆಸುತ್ತಾರೆ. "ಹೆಸರು ಹಾಕಿಲ್ಲ. ಹಾಕೋದೂ ಬೇಡ. ಆದ್ರೆ ಇದು ನಾನು ಬರೆಸಿದ್ದು."